ಮೂರು ಕಾರ್ಡ್, ಒಂದು ಹಲಗಿ: ಪಂಕ್ ಬ್ಯಾಂಡಿನವರು ಸಿನಿಮಾಕ್ಕೆ ಸಂಗೀತ ಮಾಡಿದ ಕಥೆ

ಕಮಲಾಪುರದಲ್ಲಿ ಬಸ್ ಹತ್ತಿದವರು ಕಲಬುರಗಿ ಮುಟ್ಟೋದರೊಳಗೆ ಕೇಳಿ ಮುಗಿಸಬಹುದಾದ ಕಥೆ ಇವತ್ತಿನದು. ಇಯರ್‌ಫೋನ್ ಹಾಕ್ಕೊಳ್ರಿ.

ಇವತ್ತಿನ ಪ್ರಶ್ನೆ ಸರಳ ಅದ. ಸ್ಟೇಜ್ ಮೇಲೆ ಕೂಗಾಡಿ, ಗಿಟಾರ್ ಜಜ್ಜಿ, ಸರ್ಕಾರಕ್ಕೂ ಶ್ರೀಮಂತರಿಗೂ ಬೈದು ಹೆಸರು ಮಾಡಿದ ಪಂಕ್ ರಾಕ್ ಸಂಗೀತಗಾರರು ವಯಸ್ಸಾದ ಮೇಲೆ ಸಿನಿಮಾದ ಹಿನ್ನೆಲೆ ಸಂಗೀತ ಮಾಡೋಕೆ ಕೂತರೆ ಏನಾಗ್ತದೆ? ಸಿನಿಮಾ ತುಂಬ ಗದ್ದಲ ಆಗ್ತದಾ? ಅಥವಾ ಸಂಬಳಕ್ಕೆ ಸಿಟ್ಟನ್ನು ಮಾರಿಕೊಂಡು ತಣ್ಣಗಾಗಿಬಿಡ್ತಾರಾ?

ಎರಡೂ ಆಗಲಿಲ್ಲ. ಆಗಿದ್ದು ಮೂರನೆಯದು. ಆ ಮೂರನೆಯದು ನಮ್ಮ ಊರಿನ ಹುಡುಗ ಹುಡುಗಿಯರಿಗೂ ಸಂಬಂಧಪಟ್ಟದ್ದು. ಒಂದೊಂದಾಗಿ ನೋಡೋಣ.

ಮೊದಲು, ಪಂಕ್ ಅಂದ್ರೆ ಏನು?

1970ರ ದಶಕದ ನಡುವೆ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ರಾಕ್ ಸಂಗೀತ ಭಾಳ ದೊಡ್ಡದಾಗಿ ಬೆಳೆದಿತ್ತು. ಇಪ್ಪತ್ತು ನಿಮಿಷದ ಹಾಡು, ಲಾರಿಗಟ್ಟಲೆ ಸ್ಪೀಕರ್, ಕ್ರೀಡಾಂಗಣದಲ್ಲಿ ಶೋ. ಅದೇ ಹೊತ್ತಿಗೆ ಬ್ರಿಟನ್ನಿನ ಹುಡುಗರಿಗೆ ಕೆಲಸ ಸಿಗ್ತಾ ಇರಲಿಲ್ಲ. ಅವರಿಗೆ ಆ ಸಂಗೀತ ತಮ್ಮದು ಅನ್ನಿಸಲಿಲ್ಲ. ಅದನ್ನು ನುಡಿಸೋಕೆ ಬೇಕಾದ ವಾದ್ಯ, ದುಡ್ಡು, ತರಬೇತಿ ಯಾವುದೂ ಅವರ ಹತ್ತಿರ ಇರಲಿಲ್ಲ.

ಅದಕ್ಕೆ ಅವರು ಕೊಟ್ಟ ಉತ್ತರವೇ ಪಂಕ್. ನ್ಯೂಯಾರ್ಕಿನ ರಮೋನ್ಸ್ ಬ್ಯಾಂಡ್ 1976ರಲ್ಲಿ ಮೊದಲ ಆಲ್ಬಂ ಹೊರತಂದಿತು. 14 ಹಾಡು, ಎಲ್ಲಾ ಸೇರಿ ಅರ್ಧ ಗಂಟೆಗಿಂತ ಕಡಿಮೆ. ಖರ್ಚು ಸುಮಾರು 6,400 ಡಾಲರ್. ಆ ಕಾಲದ ದೊಡ್ಡ ಬ್ಯಾಂಡುಗಳ ಲೆಕ್ಕದಲ್ಲಿ ಇದು ಚಹಾದ ಖರ್ಚು. ಲಂಡನ್ನಿನಲ್ಲಿ ಸೆಕ್ಸ್ ಪಿಸ್ಟಲ್ಸ್, ದಿ ಕ್ಲಾಶ್ ಬಂದವು. 1977ರಲ್ಲಿ ಇಂಗ್ಲೆಂಡಿನ ಒಂದು ಚಿಕ್ಕ ಅಭಿಮಾನಿ ಪತ್ರಿಕೆ ಗಿಟಾರಿನ ಮೂರು ಕಾರ್ಡ್‌ಗಳ ಚಿತ್ರ ಬರೆದು, ಇಷ್ಟು ಬಂದರೆ ಸಾಕು, ಹೋಗಿ ಬ್ಯಾಂಡ್ ಕಟ್ರಿ ಅನ್ನೋ ಅರ್ಥದ ಮಾತು ಹಾಕಿತು. ಕಾರ್ಡ್ ಅಂದ್ರೆ ಒಟ್ಟಿಗೆ ನುಡಿಸುವ ಕೆಲವು ಸ್ವರಗಳ ಗುಂಪು. ಪಂಕ್‌ನ ಪೂರ್ತಿ ಸಿದ್ಧಾಂತ ಆ ಒಂದು ಪುಟದಲ್ಲಿ ಇತ್ತು: ಯಾರ ಅಪ್ಪಣೆಗೂ ಕಾಯಬೇಡ, ಕೈಯಲ್ಲಿ ಏನಿದೆಯೋ ಅದರಲ್ಲೇ ಶುರು ಮಾಡು.

ಪಂಕ್ ಅಂದರೆ ಬರೀ ಮೊನಚಾದ ಕೂದಲು, ಹರಿದ ಜಾಕೆಟ್ ಅಲ್ಲ. ಅದೊಂದು ಕೆಲಸದ ರೀತಿ. ಇದನ್ನ ನೆನಪಿಟ್ಕೊಳ್ರಿ, ಮುಂದೆ ಬೇಕಾಗ್ತದೆ.

ಹಿನ್ನೆಲೆ ಸಂಗೀತ ಏನು ಮಾಡ್ತದೆ?

ಈಗ ಸಿನಿಮಾ ಕಡೆ ಬರೋಣ. ನಮ್ಮಲ್ಲಿ ಸಿನಿಮಾ ಸಂಗೀತ ಅಂದ ಕೂಡಲೇ ಹಾಡು ನೆನಪಾಗ್ತದೆ. ಹಾಡು ಬೇರೆ, ಹಿನ್ನೆಲೆ ಸಂಗೀತ ಬೇರೆ. ಕೆಲವು ಸಿನಿಮಾದಲ್ಲಿ ಎರಡನ್ನೂ ಬೇರೆ ಬೇರೆ ಜನ ಮಾಡ್ತಾರೆ.

ಹಿನ್ನೆಲೆ ಸಂಗೀತದ ಶಕ್ತಿ ತಿಳೀಬೇಕಂದ್ರೆ ಒಂದು ಸಣ್ಣ ಪ್ರಯೋಗ ಮಾಡ್ರಿ. ಕಮಲಾಪುರದ ಕೆಂಪು ಬಾಳೆಹಣ್ಣು ಗೊತ್ತಲ್ಲ, ಜಿಐ ಟ್ಯಾಗ್ ಸಿಕ್ಕಿರೋ ಹಣ್ಣು. ಹೆದ್ದಾರಿ ಪಕ್ಕ ಹಣ್ಣು ಮಾರುವವರ ಕೈ, ಗೊನೆ, ಓಡುವ ಲಾರಿ, ಇಷ್ಟನ್ನು ಒಂದು ನಿಮಿಷ ಮೊಬೈಲ್‌ನಲ್ಲಿ ತೆಗೀರಿ. ಅದಕ್ಕೆ ಒಂದು ಸಲ ವಯೊಲಿನ್‌ಗಳ ದುಃಖದ ತುಣುಕು ಹಾಕಿ. ಆ ಮನುಷ್ಯ ಬಡವನಂಗೆ ಕಾಣ್ತಾನೆ. ಇನ್ನೊಂದು ಸಲ ಮಾಸ್ ಹೀರೊ ಎಂಟ್ರಿ ಬೀಟ್ ಹಾಕಿ. ಅದೇ ಮನುಷ್ಯ ಈಗ ಡಾನ್. ಮೂರನೇ ಸಲ ಏನೂ ಹಾಕಬೇಡ್ರಿ, ಲಾರಿ ಸದ್ದು, ಚೌಕಾಸಿ ಮಾತು ಅಷ್ಟೇ ಇರಲಿ. ಈಗ ಅವನು ತನ್ನ ಕೆಲಸ ಮಾಡ್ತಾ ಇರೋ ಒಬ್ಬ ವ್ಯಾಪಾರಿ.

ಚಿತ್ರ ಒಂದೇ. ಬದಲಾಗಿದ್ದು ನೋಡುವವರ ತೀರ್ಪು. ಹಿನ್ನೆಲೆ ಸಂಗೀತ ಪರದೆ ಮೇಲಿನ ಮನುಷ್ಯನ ಬಗ್ಗೆ ನಮ್ಮ ಕಿವಿಯಲ್ಲಿ ಅಭಿಪ್ರಾಯ ಹೇಳ್ತಾ ಇರ್ತದೆ, ನಮಗೆ ಗೊತ್ತೇ ಆಗದಂಗೆ.

ಕೆಲಸ ನಡೆಯೋದು ಹೀಗೆ. ಸಂಕಲನ ಆದ ಸಿನಿಮಾವನ್ನು ನಿರ್ದೇಶಕರು ಮತ್ತು ಸಂಗೀತ ನಿರ್ದೇಶಕರು ಕೂತು ನೋಡ್ತಾರೆ. ಯಾವ ಕ್ಷಣಕ್ಕೆ ಸಂಗೀತ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಅಂತ ಗುರುತು ಹಾಕ್ತಾರೆ. ಹಾಲಿವುಡ್‌ನ ಹಳೆ ಪದ್ಧತಿಯಲ್ಲಿ ಆಮೇಲೆ ಎಲ್ಲವನ್ನೂ ಸ್ವರಲಿಪಿಯಲ್ಲಿ ಬರೆದು, ಹತ್ತಾರು ಜನರ ಆರ್ಕೆಸ್ಟ್ರಾ ಮುಂದೆ ಇಟ್ಟು ನುಡಿಸುತ್ತಿದ್ದರು. ಸ್ವರಲಿಪಿ ಬರದ ಮೂರು ಕಾರ್ಡ್ ಪಂಕ್ ಹುಡುಗನಿಗೆ ಆ ಬಾಗಿಲಿನೊಳಗೆ ಜಾಗ ಇರಲಿಲ್ಲ.

ಬಾಗಿಲು ತೆಗೆದದ್ದು ಹೀಗೆ

1984ರಲ್ಲಿ ಅಲೆಕ್ಸ್ ಕಾಕ್ಸ್ ಅನ್ನೋ ನಿರ್ದೇಶಕ ಲಾಸ್ ಏಂಜಲೀಸ್‌ನಲ್ಲಿ 'ರೆಪೊ ಮ್ಯಾನ್' ಅನ್ನೋ ಸಿನಿಮಾ ಮಾಡಿದ. ಸಾಲದ ಕಂತು ಕಟ್ಟದವರ ಕಾರನ್ನು ಎತ್ತಿಕೊಂಡು ಹೋಗುವ ಹುಡುಗರ ಕಥೆ. ಫೈನಾನ್ಸ್‌ನವರು ಬಂದು ಬೈಕ್ ಎತ್ತಿಕೊಂಡು ಹೋಗೋದನ್ನ ನೋಡಿದವರಿಗೆ ಈ ಕಥೆ ಹೊಸದಲ್ಲ. ಅದರ ಹಿನ್ನೆಲೆ ಸಂಗೀತವನ್ನು ಕಾಕ್ಸ್ ಕೊಟ್ಟಿದ್ದು ದಿ ಪ್ಲಗ್ಜ್ ಅನ್ನೋ ಲ್ಯಾಟಿನೊ ಪಂಕ್ ಬ್ಯಾಂಡಿನವರಿಗೆ. ಬ್ಯಾಂಡಿನ ಮುಂದಾಳು ಟಿಟೊ ಲಾರಿವಾ ಮೆಕ್ಸಿಕೊದಲ್ಲಿ ಹುಟ್ಟಿದವನು.

ಆ ಸಿನಿಮಾದಲ್ಲಿ ಬೇರೆ ಬ್ಯಾಂಡುಗಳ ಪಂಕ್ ಹಾಡುಗಳು ಬೇಕಾದಷ್ಟಿವೆ. ಆದರೆ ಪ್ಲಗ್ಜ್ ಮಾಡಿದ ಹಿನ್ನೆಲೆ ಸಂಗೀತದಲ್ಲಿ ಕೂಗಾಟ ಇಲ್ಲ. ಒಂದು ಗಿಟಾರ್, ಅದರ ತಂತಿ ನಿಧಾನ ಕಂಪಿಸ್ತಾ ಇರ್ತದೆ. ಕೊನೆಯ ದೃಶ್ಯದಲ್ಲಿ ಒಂದು ಕಾರು ಹೊಳೀತಾ ನಗರದ ಮೇಲೆ ಹಾರಿಹೋಗ್ತದೆ. ದೊಡ್ಡ ಆರ್ಕೆಸ್ಟ್ರಾ ಇದ್ದಿದ್ದರೆ ಅಲ್ಲಿ ಕಹಳೆ, ಡ್ರಮ್ ಎಲ್ಲಾ ಬರ್ತಿದ್ವು. ಇಲ್ಲಿ ಬರೋದು ಆ ಮಂದ ಗಿಟಾರ್. ದುಡ್ಡಿಲ್ಲದ ಹುಡುಗರ ಸಿನಿಮಾಕ್ಕೆ ದುಡ್ಡಿಲ್ಲದ ಬ್ಯಾಂಡಿನ ಸದ್ದೇ ಸರಿಹೊಂದಿತು.

ಮೂರು ವರ್ಷದ ನಂತರ, 1987ರಲ್ಲಿ, ಅದೇ ಕಾಕ್ಸ್ 'ವಾಕರ್' ಅನ್ನೋ ಸಿನಿಮಾ ಮಾಡಿದ. 1850ರ ದಶಕದಲ್ಲಿ ಬಾಡಿಗೆ ಸೈನಿಕರನ್ನು ಕಟ್ಟಿಕೊಂಡು ಹೋಗಿ, ಮಧ್ಯ ಅಮೆರಿಕದ ನಿಕರಾಗುವ ದೇಶಕ್ಕೆ ತಾನೇ ಅಧ್ಯಕ್ಷ ಅಂತ ಘೋಷಿಸಿಕೊಂಡ ವಿಲಿಯಂ ವಾಕರ್ ಅನ್ನೋ ಅಮೆರಿಕನ್ನನ ಕಥೆ. ಚಿತ್ರೀಕರಣ ನಡೆದದ್ದೂ ನಿಕರಾಗುವದಲ್ಲೇ. ಆ ಹೊತ್ತಿಗೆ ಅಲ್ಲಿ ಅಮೆರಿಕ ದುಡ್ಡು ಕೊಟ್ಟು ಬೆಳೆಸಿದ ಬಂಡುಕೋರರ ಜೊತೆ ಯುದ್ಧ ನಡೀತಾ ಇತ್ತು.

ಸಂಗೀತ ಯಾರದು? ದಿ ಕ್ಲಾಶ್ ಬ್ಯಾಂಡಿನ ಜೋ ಸ್ಟ್ರಮ್ಮರ್. ಪಂಕ್ ಇತಿಹಾಸದ ಅತಿ ದೊಡ್ಡ ಹೆಸರುಗಳಲ್ಲಿ ಒಂದು. ನಮ್ಮ ದೇಶಕ್ಕೂ ಅವನಿಗೂ ಒಂದು ಎಳೆ ಇದೆ: ಅವನ ಅಪ್ಪ ಬ್ರಿಟಿಷ್ ವಿದೇಶಾಂಗ ಇಲಾಖೆಯ ನೌಕರ, ಹುಟ್ಟಿದ್ದು ಲಖನೌನಲ್ಲಿ. ಕ್ಲಾಶ್ 1980ರಲ್ಲಿ ಹೊರತಂದ ಆಲ್ಬಂಗೆ ನಿಕರಾಗುವದ ಕ್ರಾಂತಿಕಾರಿಗಳಾದ ಸ್ಯಾಂಡಿನಿಸ್ಟಾಗಳ ಹೆಸರೇ ಇಟ್ಟಿದ್ದರು. 1986ರ ಹೊತ್ತಿಗೆ ಬ್ಯಾಂಡ್ ಮುಗಿದಿತ್ತು. ಸ್ಟ್ರಮ್ಮರ್‌ಗೆ ಮೂವತ್ತೈದರ ಹತ್ತಿರ ವಯಸ್ಸು, ಮುಂದೆ ಏನು ಅನ್ನೋದು ಗೊತ್ತಿಲ್ಲ.

ಅವನು ನಿಕರಾಗುವಕ್ಕೆ ಹೋದ, ಸಿನಿಮಾದಲ್ಲಿ ಒಂದು ಸಣ್ಣ ಪಾತ್ರ ಮಾಡಿದ, ಅಲ್ಲೇ ಇದ್ದ. ಆಮೇಲೆ ಪೂರ್ತಿ ಸಿನಿಮಾಕ್ಕೆ ಸಂಗೀತ ಮಾಡಿದ. ಆ ಆಲ್ಬಂ ಹಾಕಿ ಕೇಳ್ರಿ, ಆಶ್ಚರ್ಯ ಆಗ್ತದೆ. ಕರೆಂಟ್ ಗಿಟಾರಿನ ಗರ್ಜನೆ ಇಲ್ಲ. ಮರದ ಗಿಟಾರ್, ಲ್ಯಾಟಿನ್ ಅಮೆರಿಕದ ತಾಳವಾದ್ಯ, ತುತ್ತೂರಿ. ಬಹುಪಾಲು ಹಾಡುಗಾರಿಕೆಯೇ ಇಲ್ಲ. ಜೊತೆಗೆ ಕೆಲಸ ಮಾಡಿದ ಜ್ಯಾಂಡರ್ ಶ್ಲಾಸ್ ಕೂಡ ಪಂಕ್ ಬ್ಯಾಂಡಿನವನೇ. ತಮಾಷೆ ನೋಡ್ರಿ, ಪರದೆ ಮೇಲೆ ರಕ್ತಪಾತ ನಡೀತಾ ಇದ್ದರೆ ಸಂಗೀತ ಹಬ್ಬದ ಕುಣಿತದ ಹಂಗೆ ಇರ್ತದೆ. ವಾಕರ್ ತನ್ನನ್ನು ತಾನು ವೀರ ಅಂದ್ಕೊಂಡಿದ್ದಾನೆ, ಸಂಗೀತ ಅವನನ್ನು ನಂಬ್ತಾ ಇಲ್ಲ. ಸಿಟ್ಟು ಎಲ್ಲಿಗೂ ಹೋಗಿಲ್ಲ. ಗಂಟಲಿನಿಂದ ಇಳಿದು ಯಾವ ವಾದ್ಯ ಆರಿಸಬೇಕು ಅನ್ನೋ ತೀರ್ಮಾನದಲ್ಲಿ ಕೂತಿದೆ.

ಇದೇ ನಾನು ಮೊದಲು ಹೇಳಿದ ಮೂರನೆಯದು. ಹಳೆಯ ಪಂಕ್ ಕಲಾವಿದರು ಮಾಡಿದ ಒಳ್ಳೆ ಸಿನಿಮಾ ಸಂಗೀತ ಕಿವಿಗೆ ಪಂಕ್ ಅನ್ನಿಸೋದೇ ಇಲ್ಲ. ಉಳಿದಿರೋದು ಪಂಕ್‌ನ ಕೆಲಸದ ರೀತಿ: ಕೈಗೆ ಸಿಕ್ಕ ವಾದ್ಯ, ಜೊತೆಗೆ ನಾಲ್ಕು ಜನ, ಮತ್ತು ಎರವಲು ವೈಭವ ಬೇಡ ಅನ್ನೋ ಹಟ.

ಇನ್ನೂ ಕೆಲವರ ಹೆಸರು ಹೇಳ್ತೀನಿ. ಡ್ಯಾನಿ ಎಲ್ಫ್‌ಮನ್. ಅವನ ಆಯಿಂಗೊ ಬಾಯಿಂಗೊ ಬ್ಯಾಂಡ್ ಶುದ್ಧ ಪಂಕ್ ಅಲ್ಲ, ಪಂಕ್‌ನ ಪಕ್ಕದ ಮನೆಯ ನ್ಯೂ ವೇವ್. 1985ರಲ್ಲಿ ಟಿಮ್ ಬರ್ಟನ್ ತನ್ನ ಮೊದಲ ಪೂರ್ಣ ಸಿನಿಮಾಕ್ಕೆ ಅವನನ್ನು ಕರೆದ. ಎಲ್ಫ್‌ಮನ್ ಸಂಗೀತ ಶಾಲೆಗೆ ಹೋದವನಲ್ಲ. ಬ್ಯಾಂಡಿನ ಗಿಟಾರ್ ವಾದಕ ಸ್ಟೀವ್ ಬಾರ್ಟೆಕ್ ಪಕ್ಕ ಕೂತು ಅವನ ಸಂಗೀತವನ್ನು ಆರ್ಕೆಸ್ಟ್ರಾಗೆ ಹೊಂದಿಸಿದ. ನಾಲ್ಕೇ ವರ್ಷದಲ್ಲಿ, 1989ರಲ್ಲಿ, ಅದೇ ಜೋಡಿ 'ಬ್ಯಾಟ್‌ಮ್ಯಾನ್' ಮುಗಿಸಿತ್ತು. 'ದಿ ಸಿಂಪ್ಸನ್ಸ್' ಕಾರ್ಟೂನಿನ ಶುರುವಿನ ಸಂಗೀತವೂ ಎಲ್ಫ್‌ಮನ್‌ನದೇ. ಬರದಿರೋ ವಿದ್ಯೆಯನ್ನು ಬರುವ ಗೆಳೆಯನ ಜೊತೆ ಹಂಚಿಕೊಂಡರು, ಅಷ್ಟೇ.

ಮಾರ್ಕ್ ಮದರ್ಸ್‌ಬಾ ಇನ್ನೊಬ್ಬ. 1970ರ ಮೇ 4ರಂದು ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧ ವಿರೋಧಿ ಪ್ರತಿಭಟನೆ ಮೇಲೆ ಗುಂಡು ಹಾರಿಸಿ ನಾಲ್ಕು ವಿದ್ಯಾರ್ಥಿಗಳನ್ನು ಕೊಂದರು. ಆ ಕಾಲದಲ್ಲಿ ಅಲ್ಲಿ ಓದುತ್ತಿದ್ದ ಹುಡುಗರು ಕಟ್ಟಿದ ಬ್ಯಾಂಡ್ ಡೀವೊ. ಅದರ ಮದರ್ಸ್‌ಬಾ ಆಮೇಲೆ ವೆಸ್ ಆಂಡರ್ಸನ್‌ನ 'ರಶ್‌ಮೋರ್' ಥರದ ಮೃದು ಸಿನಿಮಾಗಳಿಗೂ, 2017ರಲ್ಲಿ ಮಾರ್ವೆಲ್‌ನ 'ಥಾರ್: ರ‍್ಯಾಗ್ನರಾಕ್'ಗೂ ಸಂಗೀತ ಮಾಡಿದ. ಆಸ್ಟ್ರೇಲಿಯಾದ ನಿಕ್ ಕೇವ್ 1980ರ ಸುಮಾರಿಗೆ ದಿ ಬರ್ತ್‌ಡೇ ಪಾರ್ಟಿ ಬ್ಯಾಂಡಿನಲ್ಲಿ ಕಿರುಚುತ್ತಿದ್ದವನು. 2005ರಲ್ಲಿ ವಯೊಲಿನ್ ವಾದಕ ವಾರೆನ್ ಎಲ್ಲಿಸ್ ಜೊತೆ 'ದಿ ಪ್ರೊಪೊಸಿಶನ್' ಸಿನಿಮಾಕ್ಕೆ ಮಾಡಿದ ಸಂಗೀತ ಹೆಚ್ಚೂಕಮ್ಮಿ ಪಿಸುಮಾತು.

ಮಾರಿಕೊಂಡ್ರು ಅನ್ನೋ ಮಾತು

ಸುಲಭಕ್ಕೆ ಬಿಡೋ ಪ್ರಶ್ನೆ ಅಲ್ಲ ಇದು. ದುಡ್ಡು ಬಂದ ಕೂಡಲೇ ಪಂಕ್ ಮುಗೀತು ಅನ್ನೋ ವಾದ ಪಂಕ್‌ನಷ್ಟೇ ಹಳೇದು. 1977ರ ಜನವರಿಯಲ್ಲಿ ಕ್ಲಾಶ್ ಬ್ಯಾಂಡ್ ಸಿಬಿಎಸ್ ಅನ್ನೋ ದೈತ್ಯ ಕಂಪನಿ ಜೊತೆ 1 ಲಕ್ಷ ಪೌಂಡಿಗೆ ಸಹಿ ಹಾಕಿದಾಗಲೇ, ಪಂಕ್ ಇವತ್ತು ಸತ್ತಿತು ಅಂದವರಿದ್ದರು. 1991ರಲ್ಲಿ ಅದೇ ಕ್ಲಾಶ್‌ನ ಹಾಡೊಂದು ಜೀನ್ಸ್ ಪ್ಯಾಂಟಿನ ಜಾಹೀರಾತಿಗೆ ಹೋಗಿ, ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು. ಬ್ಯಾಂಡ್ ಬದುಕಿದ್ದಾಗ ಸಿಗದ ಸ್ಥಾನ, ಬ್ಯಾಂಡ್ ಇಲ್ಲದಾಗ ಪ್ಯಾಂಟಿನ ದೆಸೆಯಿಂದ ಸಿಕ್ಕಿತು.

ನನಗೆ ಅನಿಸೋದು, ಜಾಹೀರಾತು ಮತ್ತು ಸಿನಿಮಾ ಸಂಗೀತ ಒಂದೇ ಅಲ್ಲ. ಜಾಹೀರಾತಿನಲ್ಲಿ ಹಳೆ ಹಾಡನ್ನ ಕಿತ್ತು ತಂದು ಬೇರೆ ಕೆಲಸಕ್ಕೆ ಹಚ್ಚುತ್ತಾರೆ. 'ವಾಕರ್'ನಲ್ಲಿ ಸ್ಟ್ರಮ್ಮರ್ ಇನ್ನೊಬ್ಬರ ಕಥೆಗೆ ಹೊಸದಾಗಿ ಕಿವಿಗೊಟ್ಟು ಕೆಲಸ ಮಾಡಿದ. ಸ್ಟೇಜ್ ಮೇಲೆ ಎಲ್ಲರೂ ಅವನನ್ನು ನೋಡಬೇಕಿತ್ತು. ಇಲ್ಲಿ ಅವನು ಕಾಣಬಾರದು. ಇಪ್ಪತ್ತರ ವಯಸ್ಸಿನಲ್ಲಿ ಅದು ಕಷ್ಟ. ಅನುಭವಿಗಳಿಗೆ ಈ ಕೆಲಸ ಒಗ್ಗೋದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ ಹೊಟ್ಟೆಪಾಡು, ಅದರಲ್ಲಿ ನಾಚಿಕೆ ಏನಿಲ್ಲ.

ನಮ್ಮ ಕಡೆ ಯಾರಿದ್ದಾರೆ?

ಹಿಂಗಾದ್ರೆ ಭಾರತದಲ್ಲಿ? ಇಲ್ಲಿ ಪಂಕ್ ದೊಡ್ಡ ಅಲೆಯಾಗಿ ಬರಲಿಲ್ಲ. ಆದರೆ ಹೋರಾಟದ ನಂಟಿರುವ ರಾಕ್ ಬ್ಯಾಂಡೊಂದು ಸಿನಿಮಾಕ್ಕೆ ಸಂಗೀತ ಮಾಡಿದ ಕಥೆ ಇದೆ, ಅದರಲ್ಲಿ ಕನ್ನಡದ ಮನೆತನವೊಂದರ ಕುಡಿಯೂ ಇದೆ.

ದೆಹಲಿಯ ಇಂಡಿಯನ್ ಓಶನ್ ಬ್ಯಾಂಡ್ ಶುರುವಾದದ್ದು 1990ರಲ್ಲಿ. ಅದರ ಬೇಸ್ ಗಿಟಾರ್ ವಾದಕ, ಗಾಯಕ ರಾಹುಲ್ ರಾಮ್. ಅವರ ತಂದೆ ಪ್ರೊ. ಎಚ್.ವೈ. ಮೋಹನ್ ರಾಮ್, ಮೈಸೂರು ಮೂಲದ ಹೆಸರಾಂತ ಸಸ್ಯವಿಜ್ಞಾನಿ, ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ದೊಡ್ಡಪ್ಪ ಎಚ್.ವೈ. ಶಾರದಾ ಪ್ರಸಾದ್, ಪ್ರಧಾನಿ ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರ. ಅಜ್ಜ ಎಚ್. ಯೋಗಾನರಸಿಂಹಂ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು. ಇಂಥ ಮನೆಯ ಹುಡುಗ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಷವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿ, ವಾಪಸ್ ಬಂದು ನರ್ಮದಾ ಬಚಾವೊ ಆಂದೋಲನದಲ್ಲಿ ತೊಡಗಿಕೊಂಡರು, ಆಮೇಲೆ ಬ್ಯಾಂಡ್ ಸೇರಿದರು. ಬ್ಯಾಂಡಿನ ಪ್ರಸಿದ್ಧ ಹಾಡೊಂದು ನರ್ಮದಾ ಕಣಿವೆಯ ಜನರ ಹಾಡಿನಿಂದಲೇ ಬಂದದ್ದು.

ಅನುರಾಗ್ ಕಶ್ಯಪ್ 1993ರ ಮುಂಬೈ ಸರಣಿ ಸ್ಫೋಟದ ಬಗ್ಗೆ 'ಬ್ಲ್ಯಾಕ್ ಫ್ರೈಡೇ' ಸಿನಿಮಾ ಮಾಡಿದಾಗ ಸಂಗೀತಕ್ಕೆ ಈ ಬ್ಯಾಂಡನ್ನು ಕರೆದರು. ಪ್ರಕರಣದ ವಿಚಾರಣೆ ಇನ್ನೂ ನಡೀತಾ ಇದೆ ಅನ್ನೋ ಕಾರಣಕ್ಕೆ 2005ರಲ್ಲಿ ಬಾಂಬೆ ಹೈಕೋರ್ಟ್ ಬಿಡುಗಡೆಗೆ ತಡೆ ಕೊಟ್ಟಿತು. ಸಿನಿಮಾ ಥಿಯೇಟರಿಗೆ ಬಂದದ್ದು 2007ರ ಫೆಬ್ರವರಿಯಲ್ಲಿ.

ಯೋಚನೆ ಮಾಡ್ರಿ, ಬಾಂಬು, ಪೊಲೀಸು, ಓಟ ತುಂಬಿದ ಸಿನಿಮಾ. ಮಾಮೂಲಿಯಾಗಿದ್ದರೆ ಎದೆ ನಡುಗಿಸುವ ಬ್ಯಾಂಗ್ ಬ್ಯಾಂಗ್ ಸಂಗೀತ ಇರಬೇಕಿತ್ತು. ಇಂಡಿಯನ್ ಓಶನ್ ಹತ್ತಿರ ಇದ್ದದ್ದು ಸುಷ್ಮಿತ್ ಸೇನ್ ಗಿಟಾರ್, ಅಸೀಮ್ ಚಕ್ರವರ್ತಿ ತಬಲಾ, ಅಮಿತ್ ಕಿಲಂ ಡ್ರಮ್ಸ್, ರಾಹುಲ್ ರಾಮ್ ಬೇಸ್, ಮತ್ತೆ ಎಲ್ಲರ ಗಂಟಲು. ಅಮಿತ್ ಕಿಲಂ ಗಬ್‌ಗುಬಿ ಅನ್ನೋ ವಾದ್ಯವನ್ನೂ ನುಡಿಸ್ತಾರೆ. ಬಂಗಾಳದ ಬಾವುಲರ ವಾದ್ಯ ಅದು, ಕಂಕುಳಲ್ಲಿ ಇಟ್ಟುಕೊಂಡು ತಂತಿ ಎಳೆದು ಮೀಟೋದು. ನಮ್ಮಲ್ಲಿ ಯಲ್ಲಮ್ಮನ ಜೋಗತಿಯರು ನುಡಿಸುವ ಚೌಡಿಕೆ ನೋಡಿದ್ದೀರಲ್ಲ? ಅದರ ಅಕ್ಕತಂಗಿ ಅಂದ್ಕೊಳ್ರಿ. ಪೀಯೂಷ್ ಮಿಶ್ರಾ ಬರೆದ ಹಾಡನ್ನು ಆ ಬ್ಯಾಂಡ್ ಹಾಡಿದಾಗ ಅದು ಸೇಡಿನ ಕೂಗಾಗಲಿಲ್ಲ, ಕೈ ತಡೆಯುವ ಮೊರೆಯಾಯಿತು. ಸ್ಟ್ರಮ್ಮರ್ ಮಾಡಿದಂಗೇ ಇದು: ಸಂಗೀತ ಹಿಂಸೆಗೆ ಜೈ ಅನ್ನಲಿಲ್ಲ.

ಅಸೀಮ್ ಚಕ್ರವರ್ತಿ 2009ರ ಡಿಸೆಂಬರಿನಲ್ಲಿ ತೀರಿಕೊಂಡರು. ಬ್ಯಾಂಡ್ ಮುಂದುವರೀತು. 2015ರ 'ಮಸಾನ್' ಸಿನಿಮಾದ ಹಾಡುಗಳೂ ಅವರವೇ. ಅದರ ಹಿನ್ನೆಲೆ ಸಂಗೀತ ಮಾತ್ರ ಫ್ರಾನ್ಸಿನ ಬ್ರೂನೊ ಕುಲೆ ಅವರದು. ಹಾಡು ಬೇರೆ, ಹಿನ್ನೆಲೆ ಬೇರೆ ಅಂದೆನಲ್ಲ, ಅದಕ್ಕೆ ಉದಾಹರಣೆ.

ಕನ್ನಡ ಸಿನಿಮಾದಲ್ಲಿ ಬ್ಯಾಂಡಿನಿಂದ ಬಂದವರು ಅಂದ್ರೆ ರಘು ದೀಕ್ಷಿತ್ ನೆನಪಾಗ್ತಾರೆ. ಮೈಸೂರಿನಲ್ಲಿ ಬೆಳೆದವರು, ಮೊದಲು ಅಂತರಾಗ್ನಿ ಅನ್ನೋ ಬ್ಯಾಂಡ್ ಕಟ್ಟಿದ್ದರು. ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಜೊತೆ ಹಾಡಿ ಹೊರದೇಶದ ವೇದಿಕೆಗಳಿಗೂ ಒಯ್ದರು. 2008ರಲ್ಲಿ 'ಸೈಕೊ', 2010ರಲ್ಲಿ 'ಜಸ್ಟ್ ಮಾತ್ ಮಾತಲ್ಲಿ' ಸಿನಿಮಾಗಳಿಗೆ ಸಂಗೀತ ಕೊಟ್ಟರು. ಕಾಲೇಜು ಹುಡುಗರ ಫೋನ್‌ಗಳಲ್ಲಿ ಆ ಹಾಡುಗಳು ಎಷ್ಟು ದಿನ ಓಡಿದವು ಅಂತ ನಿಮ್ಮ ಅಣ್ಣ ಅಕ್ಕಂದಿರನ್ನ ಕೇಳ್ರಿ.

ಆದರೆ ಗುಣದಲ್ಲಿ ಪಂಕ್‌ಗೆ ಹತ್ತಿರದವರು ಇನ್ನೂ ಹಿಂದೆ ಇದ್ದಾರೆ. ಗಿಟಾರ್ ಹಿಡಿದವರೇ ಅಲ್ಲ. ಬಿ.ವಿ. ಕಾರಂತ.

1929ರಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದರು. ಬನಾರಸ್‌ನಲ್ಲಿ ಓದು, ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಸಂಗೀತ, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಸಂಗೀತದ ಪಾಠ ಬಲ್ಲವರು, ಹಂಗಾಗಿ ಮೂರು ಕಾರ್ಡ್ ಹುಡುಗ ಅಲ್ಲ. ಆದರೆ ಸಿನಿಮಾ ಸ್ಟುಡಿಯೊದ ಆರ್ಕೆಸ್ಟ್ರಾ ಅವರ ಶಾಲೆ ಆಗಿರಲಿಲ್ಲ. ನಾಟಕದಲ್ಲಿ ಎದುರಿಗೆ ಇರೋ ನಟರ ಗಂಟಲು, ಬಡಿಯೋಕೆ ಸಿಗುವ ಮರ, ಲೋಹ, ಚರ್ಮ, ಇವುಗಳಿಂದಲೇ ಸದ್ದು ಕಟ್ಟಿದವರು.

1975ರಲ್ಲಿ ಶಿವರಾಮ ಕಾರಂತರ ಕಾದಂಬರಿ 'ಚೋಮನ ದುಡಿ'ಯನ್ನು ಬಿ.ವಿ. ಕಾರಂತರು ಸಿನಿಮಾ ಮಾಡಿದರು, ಸಂಗೀತವೂ ಅವರದೇ. ಚೋಮನಿಗೆ ಸ್ವಂತ ಹೊಲ ಬೇಕು. ಜಾತಿಯ ಕಾರಣಕ್ಕೆ ಅದು ಸಿಗೋದಿಲ್ಲ. ಬಾಯಲ್ಲಿ ಹೇಳೋಕೆ ಆಗದ್ದನ್ನೆಲ್ಲಾ ಅವನು ದುಡಿಯ ಮೇಲೆ ಬಡೀತಾನೆ. ಅಲ್ಲಿ ವಾದ್ಯ ಅಲಂಕಾರಕ್ಕೆ ಇಟ್ಟದ್ದಲ್ಲ, ಮನುಷ್ಯನ ಮಾತೇ ಅದು. ಆ ಚಿತ್ರಕ್ಕೆ ಸ್ವರ್ಣಕಮಲ ಬಂತು. ಮುಂದೆ 1976ರ 'ಋಷ್ಯಶೃಂಗ'ಕ್ಕೆ, 1977ರ 'ಘಟಶ್ರಾದ್ಧ'ಕ್ಕೆ, ಎರಡು ವರ್ಷ ಸತತವಾಗಿ ಉತ್ತಮ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಕಾರಂತರಿಗೇ.

ಇಸವಿ ಗಮನಿಸ್ರಿ: 1976, 1977. ಲಂಡನ್ ಹುಡುಗರು ಇಷ್ಟೇ ಸಾಕು ಅಂತ ಮೂರು ಕಾರ್ಡ್ ಬಡೀತಾ ಇದ್ದಾಗ, ಇಲ್ಲಿ ಕಾರಂತರು ತೀರಾ ಕಡಿಮೆ ಬಜೆಟ್ಟಿನ ಕನ್ನಡ ಸಿನಿಮಾಗಳಲ್ಲಿ ಇಷ್ಟೇ ಸಾಕು ಅನ್ನೋದನ್ನ ಬೇರೆ ದಾರಿಯಿಂದ ತೋರಿಸ್ತಾ ಇದ್ದರು. ಇಬ್ಬರಿಗೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಬೇಕಾದ ಕಾರಣವೇ ಇಲ್ಲ. ಸ್ಟ್ರಮ್ಮರ್ ಮತ್ತು ಕಾರಂತರು ತೀರಿಕೊಂಡದ್ದು ಒಂದೇ ವರ್ಷ, 2002. ಅದು ಕಾಕತಾಳೀಯ, ಅದಕ್ಕೆ ಅರ್ಥ ಹಚ್ಚೋದು ಬೇಡ.

ಈಗ ಕಲಬುರಗಿಗೆ ಬರ್ರಿ

ಇಷ್ಟೆಲ್ಲಾ ನಮಗ್ಯಾಕೆ? ಯಾಕಂದ್ರೆ ನಮ್ಮ ಊರು ಸಿನಿಮಾದಲ್ಲಿ ಹೆಂಗ ಕೇಳಿಸ್ತದೆ ಅನ್ನೋದು ಇನ್ನೂ ಇತ್ಯರ್ಥ ಆಗಿಲ್ಲ.

ಚಿತ್ರದ ವಿಷಯದಲ್ಲಿ ನಮ್ಮವರೊಬ್ಬರು ಆಗಲೇ ಹೆಜ್ಜೆ ಇಟ್ಟಿದ್ದರು. ಕಲಬುರಗಿಯಲ್ಲಿ ನಾಟಕಕ್ಕೆ ಹೋದವರಿಗೆ ಎಸ್.ಎಂ. ಪಂಡಿತ ರಂಗಮಂದಿರ ಗೊತ್ತು. ಆ ಹೆಸರಿನ ಮನುಷ್ಯ 1916ರಲ್ಲಿ ಇದೇ ಊರಲ್ಲಿ ಹುಟ್ಟಿ, ಮುಂಬೈಗೆ ಹೋಗಿ, ಹಿಂದಿ ಸಿನಿಮಾ ಪೋಸ್ಟರುಗಳಿಗೆ ಬಣ್ಣ ತುಂಬಿದ ಚಿತ್ರಕಾರ. ಸಿನಿಮಾ ಕಣ್ಣಿಗೆ ಹೆಂಗ ಕಾಣಬೇಕು ಅನ್ನೋದರಲ್ಲಿ ಕಲಬುರಗಿಯ ಕೈ ಇತ್ತು. ಕಿವಿಗೆ?

ನಮ್ಮ ಭಾಷೆ ಸಿನಿಮಾದಲ್ಲಿ ಬಂದರೆ ಹೆಚ್ಚಾಗಿ ನಗಿಸೋ ಪಾತ್ರಕ್ಕೆ ಬರ್ತದೆ, ಹಿಂದೆ ಒಂದು ತಮಾಷೆ ಸದ್ದು ಇರ್ತದೆ. ಉತ್ತರ ಕರ್ನಾಟಕ ಅಂದ ಕೂಡಲೇ ಬಿಸಿಲು, ಬರ, ಒಂದು ಉದ್ದನೆಯ ಆಲಾಪ. ಬಾಳೆಹಣ್ಣಿನ ಪ್ರಯೋಗ ನೆನಪಿಸಿಕೊಳ್ರಿ. ಆ ಸದ್ದು ನಮ್ಮ ಬಗ್ಗೆ ನೋಡುವವರ ಕಿವಿಯಲ್ಲಿ ತೀರ್ಪು ಹೇಳ್ತಾ ಇದೆ. ಆ ತೀರ್ಪು ಬರೆಯುವ ಜಾಗದಲ್ಲಿ ನಮ್ಮವರು ಇರೋದು ಕಡಿಮೆ.

ನಮ್ಮಲ್ಲಿ ಸದ್ದಿಗೇನು ಬರಗಾಲ ಇಲ್ಲ. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಬಡಿಯುವ ಹಲಗಿ, ರಿವಾಯತ್ ಪದ. ಖ್ವಾಜಾ ಬಂದೇನವಾಜ್ ದರ್ಗಾದ ಉರುಸಿನ ಕವ್ವಾಲಿ. ಶರಣಬಸವೇಶ್ವರ ಜಾತ್ರೆಯ ತೇರಿನ ದಿನದ ಜನಸಾಗರದ ಮೊರೆತ. ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ಹಾಡುವ ತತ್ವಪದ.

ತತ್ವಪದದ ಬಗ್ಗೆ ಒಂದು ಮಾತು. ಕಡಕೋಳ ಮಡಿವಾಳಪ್ಪನವರು ನಮ್ಮ ಜಿಲ್ಲೆಯ ನೆಲದವರು. ಮಠ, ಮಡಿ, ಜಾತಿಯ ಡಂಭವನ್ನು ನೇರ ಮಾತಲ್ಲಿ ಚುಚ್ಚಿದವರು. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲ ಸಾಹೇಬರೂ ಇದ್ದರು, ಖೈನೂರು ಕೃಷ್ಣಪ್ಪನವರೂ ಇದ್ದರು. ಇವರನ್ನ ಪಂಕ್ ಅಂತ ಕರೆಯೋದು ಬೇಡ. ಅವರ ದಾರಿ ಅಧ್ಯಾತ್ಮದ್ದು, ಹೆಸರು ಅವರದ್ದೇ ಇದೆ. ಆದರೆ ಒಂದೇ ತಂತಿಯ ವಾದ್ಯ ಸಾಕು, ದೊಡ್ಡವರ ಅಪ್ಪಣೆ ಬೇಡ ಅನ್ನೋ ಮಾತು ಲಂಡನ್ನಿನಿಂದ ಬರಬೇಕಾಗಿರಲಿಲ್ಲ. ಇಲ್ಲೇ ಇತ್ತು.

ಹಂಗಂತ ಎಲ್ಲಾ ಸಿನಿಮಾಕ್ಕೂ ಏಕತಾರಿ ಹಾಕ್ರಿ ಅಂತ ಹೇಳ್ತಾ ಇಲ್ಲ. ಅದೂ ಇನ್ನೊಂದು ಕಟ್ಟುಕತೆ ಆಗ್ತದೆ. ಸ್ಟ್ರಮ್ಮರ್ ನಿಕರಾಗುವದ ಕಥೆಗೆ ಲಂಡನ್ನಿನ ಗಿಟಾರ್ ಹಾಕಲಿಲ್ಲ. ಆ ಊರಲ್ಲಿ ಇದ್ದು, ಕೇಳಿ, ಆಮೇಲೆ ವಾದ್ಯ ಆರಿಸಿದ. ಕಲಿಯಬೇಕಾದದ್ದು ಅದು. ಕಲಬುರಗಿಯಲ್ಲಿ ಇವತ್ತು ಹಲಗಿಯಷ್ಟೇ ಆಟೊಗಳ ಹಾರ್ನ್ ಇದೆ, ತೊಗರಿ ಬೇಳೆ ಮಿಲ್ಲುಗಳ ಗಡಗಡ ಇದೆ, ಕೋಚಿಂಗ್ ಕ್ಲಾಸಿನ ಫ್ಯಾನಿನ ಸದ್ದಿದೆ. ಹಿಪ್‌ಹಾಪ್ ಬೀಟ್ ಮಾಡೋ ಹುಡುಗನ ಲ್ಯಾಪ್‌ಟಾಪ್ ಕೂಡ ಈ ಊರಿನ ವಾದ್ಯವೇ.

ಕೊನೆಗೆ ದುಡ್ಡಿನ ಮಾತು, ಯಾಕಂದ್ರೆ ಇದನ್ನ ಯಾರೂ ಹೇಳಿಕೊಡೋದಿಲ್ಲ. 2012ರಲ್ಲಿ ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಯಿತು. ಸಿನಿಮಾಕ್ಕೆ ಸಂಗೀತ ಕಟ್ಟಿದವರಿಗೆ, ಹಾಡು ಬರೆದವರಿಗೆ, ಥಿಯೇಟರ್ ಪ್ರದರ್ಶನ ಬಿಟ್ಟು ಬೇರೆ ಕಡೆ ಅದು ಬಳಕೆ ಆದಾಗ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕಿದೆ. ಆ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ಅದು ನಡೆಯೋದಿಲ್ಲ. ಯಾರಾದರೂ ನಿಮ್ಮ ಟ್ಯೂನ್ ಕೇಳಿ, ಸಿನಿಮಾಕ್ಕೆ ಬೇಕು, ಇಲ್ಲಿ ಸಹಿ ಹಾಕು, ಎಲ್ಲಾ ಹಕ್ಕೂ ನಮ್ಮದು ಅಂದರೆ, ಒಂದು ನಿಮಿಷ ನಿಂತು ಓದ್ರಿ. ಪಂಕ್ ಬ್ಯಾಂಡುಗಳು ಕಾಗದ ಓದದೆ ಸಹಿ ಹಾಕಿ ಕಲಿತ ಪಾಠಗಳೇ ಒಂದು ಇತಿಹಾಸ ಆಗ್ತದೆ.

ಈ ವಾರ ಮೂರು ಕೇಳ್ರಿ, ನೋಡ್ರಿ. 'ವಾಕರ್' ಸಿನಿಮಾದ ಸಂಗೀತ, 'ಬ್ಲ್ಯಾಕ್ ಫ್ರೈಡೇ' ಆಲ್ಬಂ, ಮತ್ತು 'ಚೋಮನ ದುಡಿ'. ಮೂರರಲ್ಲೂ ಸಂಗೀತ ಎಲ್ಲಿ ಸುಮ್ಮನಾಗ್ತದೆ ಅನ್ನೋದನ್ನ ಗುರುತಿಸ್ರಿ. ಎಲ್ಲಿ ನುಡಿಸಬಾರದು ಅಂತ ತಿಳಿಯೋಕೆ ಸ್ಟ್ರಮ್ಮರ್‌ಗೆ ಒಂದು ಇಡೀ ಬ್ಯ��ಂಡಿನ ಆಯುಷ್ಯ ಹಿಡೀತು. ನಿಮಗೆ ಅಷ್ಟು ಹಿಡಿಯಬೇಕಾಗಿಲ್ಲ.